ಬ್ರೇಕ್ ಮೇಸ್ತ್ರಿಯ ಅಂಗೈ
ಲೋಕದ ಯಾವ ಗಾಡಿಯೂ ಸರಿಯಾಗಿ ನಿಲ್ಲುವುದಿಲ್ಲ ಎಂಬುದು ಬ್ರೇಕ್ ಮೇಸ್ತ್ರಿಯ ಗುಮಾನಿ. ದಾರಿಯಲ್ಲಿ ಯಾರಾದರೂ ಗಕ್ಕನೆ ನಿಲ್ಲಿಸಿದರೆ ಕಿಟಕಿಯೊಳಗೆ ತಲೆ ತೂರಿಸಿ, "ಓಡೋದೇನು, ಕತ್ತೇನೂ ಓಡುತ್ತೆ. ನಿಲ್ಲೋದೇ ವಿದ್ಯೆ!" ಎಂದು ಪಾಠ ಮಾಡಿಯೇ ಬಿಡುತ್ತಾರೆ. ಅವರ ಮನೆಯ ಹಳೇ ಪಿಕಪ್ಪಿನ ಬ್ರೇಕು ಮಾತ್ರ ಬಂಡೆಗಲ್ಲು. ಸೀಟಿನಿಂದ ಎದ್ದು ತುಳಿಯಬೇಕು. ಪವರ್ ಬ್ರೇಕ್ ಎಂದವರಿಗೆ, "ಅದು ಸೋಮಾರಿಗಳಿಗೆ ಕಣಯ್ಯಾ!" ಎಂದು ಮೂವತ್ತು ವರ್ಷ ಮೂಗು ಮುರಿದವರು, ಈಗ ತಾವೇ ಅದಕ್ಕೆ ತುಳಿತ ಹಗುರ ಮಾಡುವ ಬೂಸ್ಟರ್ ಕೂರಿಸಲು ಹೊರಟಿದ್ದಾರೆ. ಮೊದಲು ಕೂರಿಸಿದ ದೊಡ್ಡ ಬೂಸ್ಟರಿಗೆ ಪೆಡಲು ಎಷ್ಟು ಹಗುರಾಯಿತೆಂದರೆ, ಮುಟ್ಟಿದ್ದೇ ತಡ ಗಾಡಿ ನಿಂತು ಮೇಸ್ತ್ರಿಯ ಮೂಗು ಸ್ಟೇರಿಂಗಿಗೆ ಮುತ್ತಿಟ್ಟಿತು. ಅದನ್ನು ಬಿಚ್ಚಿ ಸಣ್ಣದು ಕೂರಿಸಿದರು. ಈಗ ಪೆಡಲಿಗೆ ಕಾಲನ್ನೇ ತಾಗಿಸುವುದಿಲ್ಲ. ಇಂಜಿನ್ ಚಾಲೂ ಇಟ್ಟು, ತೆರೆದ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಅಂಗೈಯಿಂದ ಒತ್ತಿ ನೋಡುತ್ತಾರೆ. ಏಕೆಂದರೆ ಪಿಕಪ್ ಓಡಿಸುವುದು ಅವರ ಹೆಂಡತಿ. ಮಂಡಿಯ ಆಪರೇಷನ್ ಆದಂದಿನಿಂದ ದಿನಾ ಬೆಳಿಗ್ಗೆ ವ್ಯಾಯಾಮಕ್ಕೆಂದು ಆಕೆ ಬಲಪಾದವನ್ನು ಒತ್ತುವುದು ಇದೇ ಅಂಗೈಗೆ. ಆ ಪಾದದ ಬಲವೆಷ್ಟೆಂದು ಅದಕ್ಕೆ ಬಾಯಿಪಾಠ. ಇವತ್ತು ಆಕೆ ಬೀದಿಯ ಕೊನೆವರೆಗೂ ಓಡಿಸಿ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನಿಲ್ಲಿಸಿ, ಹಿಂದೆಯೇ ಓಡಿಬಂದು ಏದುಸಿರು ಬಿಡುತ್ತಿದ್ದ ಗಂಡನಿಗೆ ಹೇಳಿದರು: "ರೀ, ಗಾಡಿ ನನ್ನ ಮಾತು ಕೇಳ್ತು. ಇನ್ನು ಉಳಿದಿರೋದು ನೀವೊಬ್ರೇ."