ನನ್ನ ಕೈಲೇ ಒಡಿಸಿದ ಕಾಯಿ

ಕರೆಂಟ್ ಮಗ್ಗದ ಗಿಯರಿನ್ಯಾಗ ಸಿಕ್ಕು ನನ್ನ ಬಲಗೈಯ ಎರಡು ಬೆರಳು ಹೋಗಿದ್ದವು. ಗಾಯ ಮಾಯ್ತು, ಪಟ್ಟಿ ಬಿಚ್ಚಿದ್ರು, ಸೊಲ್ಲಾಪುರದಾಗ ನಮ್ಮ ಟಾವೆಲ್ ಕಾರಖಾನಿಗೆ ತಿರುಗಿ ಹೋದೆ. ಮಗ್ಗ ಬಿಟ್ರ ನನಗ ಬ್ಯಾರೆ ಕೆಲಸ ಎಲ್ಲಿ ಬರ್ತದ? ಅದೂ ಇಲ್ಲಾಂದ್ರ ಹೆಂಡ್ತಿ ಬೀಡಿ ಕಟ್ಟೋದು ನೋಡ್ಕೋತ ಮನ್ಯಾಗ ಕೂಡೋದು.

ನಮ್ಮ ಕಾರಖಾನ್ಯಾಗ ಒಂದು ರೂಢಿ ಅದ. ಯಾವ ಮಗ್ಗ ಯಾರ ರಕ್ತಾ ಕಂಡದೋ, ಅವನ ಕೈಲೇ ಅದಕ್ಕ ಕಾಯಿ ಒಡಿಸಿ, ಅವನ ಕೈಲೇ ಚಾಲೂ ಮಾಡಸ್ತಾರ. ಹಂಗ ಮಾಡಿದ್ರ ಅಂಜಿಕಿ ಹೋಗ್ತದಂತ! ಮಾಲಕ ಶೇಠ ಪಾಪ ಪ್ರೀತಿಲೇ ಹಾರಾ, ಪೇಢೆ ತರಿಸಿದ್ದ. ಮಂದಿ ಸುತ್ತ ನಿಂತು ಚೇಷ್ಟಾ ಮಾಡಾಕತ್ತಿದ್ರು, "ಏ ಮದುಮಗಾ, ಲಗೂ ಒಡಿಯೋ, ಪೇಢೆ ಒಣಗಾಕತ್ತಾವ!" ನಾನೂ ನಕ್ಕೊಂತ ಕಾಯಿ ಒಡದೆ, ಬಟನ್ ಒತ್ತಿದೆ.

ಖಟ್ ಅಂತು ಮಗ್ಗ. ಅಷ್ಟ ಗೊತ್ತು ನನಗ.

ಮುಂದ ಕಂಡದ್ದು ನೂಲಿನ ಚೀಲಾ. ಅದರ ಹಿಂದ ಮುದುಡಿ ಕುಂತಿದ್ದೆ, ಪ್ಯಾಂಟ್ ಒದ್ದಿ ಆಗಿತ್ತು. ಅಲ್ಲಿಗೆ ಹ್ಯಾಂಗ ಬಂದೆ, ಯಾರನ್ನ ನೂಕಿ ಬಂದೆ? ದೇವರಾಣಿ, ಒಂದೂ ನೆನಪಿಲ್ಲ. ನಗತಿದ್ದ ಮಂದಿ ಬಾಯಿ ತಕ್ಕೊಂಡು ನಿಂತಿತ್ತು. ನಾಚಿಕಿಗಿಂತ ಮದಲ ಗಾಬರಿ ಆತು. ನನ್ನ ಮೈ ನನ್ನ ಕೇಳಲಾರದ ಓಡಿತ್ತಲ್ಲ! ಮುಗೀತು, ಹುಚ್ಚು ಹಿಡೀತು ಅಂದ್ಕೊಂಡೆ.

ಅವ್ವ ದಿಟ್ಟಿ ತಗದಳು, ತಾಯತ ಕಟ್ಟಸಿದಳು. ಅಕ್ಕ ಅದನ್ನೆಲ್ಲ ಕೇಳಲಿಲ್ಲ. ಅಕಿ ಮನಿ ಅಕ್ಕಲಕೋಟದಾಗ. ಅಲ್ಲಿ ದವಾಖಾನ್ಯಾಗ ಮನಸಿನ ಮಾತು ಕೇಳಾಕ ಒಬ್ರು ಮ್ಯಾಡಮ್ ಬರ್ತಾರ ಅಂತ ನನ್ನೂ ಅವ್ವನ್ನೂ ಎಳಕೊಂಡು ಹೋದಳು. ನಾ ಕುಂತಕೂಡ್ಲೆ ಸಿಟ್ಟಿಗೆದ್ದೆ. "ನಾ ಏನ್ ಹುಚ್ಚ ಅದೀನೇನ್ರಿ? ಬೆರಳು ಹೋಗ್ಯಾವ, ತಲಿ ಹೋಗಿಲ್ಲ."

ಅಕ್ಕ ನಡದದ್ದೆಲ್ಲಾ ಹೇಳಿದ ಮ್ಯಾಲ ಮ್ಯಾಡಮ್ ಅರ್ಧ ಮರಾಠಿ, ಅರ್ಧ ಕನ್ನಡದಾಗ ಕೇಳಿದ್ರು, "ಮಗ್ಗ ಖಟ್ ಅಂದಾಗ ಏನ್ ಕಂಡಿತ್ರಿ ದಾದಾ?"

ಇಷ್ಟು ದಿನ ಎಲ್ಲಾರೂ ಕೈ ನೋಡಿದ್ರು, ಇದನ್ನ ಯಾರೂ ಕೇಳಿರಲಿಲ್ಲ. ಹೇಳಿದೆ, "ನನ್ನ ಕೈ ಒಳಗಿದ್ದಾಗನೂ ಅದು ನಿಲ್ಲಲಿಲ್ಲರಿ. ನೇಯಕೋತನ ಹೊಂಟಿತ್ತು." ಹೇಳಕೋತ ಹಲ್ಲು ಕಟಕಟ ಅನ್ನಾಕತ್ವು, ಅಳು ಬಂತು. ಅವರು ತಡೀಲಿಲ್ಲ. ಆಮ್ಯಾಲ ಅಂದ್ರು, "ಹುಚ್ಚಲ್ರಿ ಇದು. ಕೈಗೆ ಆದಂಗ ಮನಸಿಗೂ ಗಾಯ ಆಗೇದ. ವಾರಕ್ಕೊಮ್ಮೆ ಬರ್ರಿ. ಮಗ್ಗದ ಹಂತೇಕ ಹೋಗಾಕ ಅವಸರ ಬ್ಯಾಡ."

ನನಗ ಹೋದ ಜೀವ ಬಂದಂಗಾತು. ಬಾಜೂಕ ನೋಡಿದ್ರ ಅವ್ವನ ಮಾರಿ ಬಿಳಚಿತ್ತು. ನಮ್ಮಪ್ಪ ಹಳೇ ಮಿಲ್ಲಿನ್ಯಾಗ ಇದ್ದ. ನಾ ಸಣ್ಣಾಂವ ಇದ್ದಾಗ ಕೆಲಸ ಬಿಟ್ಟು ಮನಿ ಹಿಡದಾಂವ ಸಾಯೋತನಕ ತಿರುಗಿ ಹೋಗಲಿಲ್ಲ. ಓಣಿ ಮಂದಿ ಅವನಿಗೆ ಮೈಗಳ್ಳ ಅಂತಿದ್ರು, ಅವ್ವನೂ ಅಂತಿದ್ದಳು.

ಅವ್ವ ಕೇಳಿದಳು, "ಮ್ಯಾಡಮ್ಮಾರ, ಇವರಪ್ಪಗ ಮಿಲ್ಲಿನ್ಯಾಗ ಮಶಿನ್ ತಿರುಗಸೋ ಪಟ್ಟಾ ಹರದು ಹೆಗಲಿಗೆ ಹೊಡದಿತ್ರಿ. ಗಾಯ ಮಾಯ್ದ ಮ್ಯಾಲೂ, ಮಿಲ್ಲಿನ ಭೋಂಗಾ ಕೂಗಿದ್ರ ಸಾಕು, ಮಂಚದ ಬುಡಕ ಹೋಗಿ ಕೂಡತಿದ್ರು. ನಾ ಕಸಬರಗಿಲೇ ಬಡದು ಹೊರಗ ಹಾಕತಿದ್ದೆ. ಅದೂ ಇದ ಏನ್ರಿ?"

ಮ್ಯಾಡಮ್ ತಮ್ಮ ಕುರ್ಚಿ ಅವ್ವನ ಕಡೆ ತಿರುಗಿಸಿದ್ರು.