ರುದ್ರಪ್ಪನವರಿಗೆ ನಾನು ಓದಿದ ಹಡಗಿನ ನಂಬರು

ರುದ್ರಪ್ಪನವರು ಕಾಗದವನ್ನು ಕಿವಿಯಿಂದ ನೋಡುತ್ತಿದ್ದರು. ನಾನು ಟೈಪು ಮಾಡಿದ್ದನ್ನು ಗಟ್ಟಿಯಾಗಿ ಓದಬೇಕು. ಅವರು ತಾವೇ ದಪ್ಪಕ್ಷರದಲ್ಲಿ ಬರೆದ ಕರಡನ್ನು ಎಡಗೈಯಲ್ಲಿ ಮೂಗಿನ ಹತ್ತಿರ ಹಿಡಿದು, ಬಲಗೈಯ ತೋರುಬೆರಳನ್ನು ಮೇಜಿನಿಂದ ಒಂದಂಗುಲ ಮೇಲೆತ್ತಿ ಕೂತಿರುತ್ತಿದ್ದರು. ಒಂದು ಕಾಮಾ ತಪ್ಪಿದರೂ ಬೆರಳು ಟಪ್ಪೆಂದು ಮೇಜಿಗೆ ಬೀಳುತ್ತಿತ್ತು.

"ಇದ್ದದ್ದನ್ನ ಓದೋ ತಮ್ಮಾ, ಇರಬೇಕಾದ್ದನ್ನಲ್ಲ."

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಬ್ಬ ವಕೀಲರ ಆಫೀಸಿನಲ್ಲಿ ನಾನು ಟೈಪಿಸ್ಟು. ವಕೀಲರು ಮುಂಬಯಿಯಲ್ಲಿ ಬಹಳ ಕಾಲ ಕೆಲಸ ಮಾಡಿ ಬಂದವರು. ಅಲ್ಲಿಯ ಹಳೆಯ ಕಕ್ಷಿದಾರರು ಹಡಗಿನ ಅಡಮಾನದ ಪತ್ರಗಳನ್ನು ಇವರಿಂದಲೇ ಬರೆಸುತ್ತಿದ್ದರು. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ನೋಂದಣಿ ಕಚೇರಿಯಲ್ಲಿ ಅಡಮಾನವನ್ನು ದಾಖಲಿಸಬೇಕು. ಅಲ್ಲಿ ದಿನವಷ್ಟೇ ಅಲ್ಲ, ಗಂಟೆ ನಿಮಿಷವನ್ನೂ ಬರೆದುಕೊಳ್ಳುತ್ತಾರೆ. ಮೊದಲು ದಾಖಲಾದವರಿಗೆ ಮೊದಲ ಹಕ್ಕು.

ರುದ್ರಪ್ಪನವರು ಆ ಆಫೀಸಿನ ಹೆಡ್ ಕ್ಲರ್ಕು. ದಾವಣಗೆರೆ ಕಡೆಯವರು. ಹಣೆಯ ವಿಭೂತಿ ಸಂಜೆಯಾದರೂ ಅಳಿಸುತ್ತಿರಲಿಲ್ಲ. ಹಡಗಿರಲಿ, ಸಮುದ್ರವನ್ನೇ ಕಂಡವರಲ್ಲ. "ನಾ ಕಂಡ ದೊಡ್ಡ ನೀರು ಅಂದ್ರೆ ನಮ್ಮ ಸೂಳೆಕೆರೆ. ಅದಕ್ಕೇನಾತು? ಕಾಗದದಾಗಿನ ಹಡಗು ಮುಳುಗದಂಗೆ ನೋಡ್ಕೊಂಡ್ರೆ ಆತು" ಎನ್ನುತ್ತಿದ್ದರು.

ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಟೈಪಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ವಕೀಲರಿಗೆ ತಿಳಿದರೆ ಕೆಲಸ ಹೋಗುತ್ತದೆಂದು ಮುಚ್ಚಿಟ್ಟಿದ್ದರು. ನನಗೊಬ್ಬನಿಗೇ ಹೇಳಿದ್ದರು: "ಮಗಳ ಕಾಲೇಜು ಮುಗೀಲಿ, ಆಪರೇಷನ್ ಮಾಡಿಸ್ಕೊಂತೀನಿ. ಅಲ್ಲೀತನಕ ನಿನ್ನ ಬಾಯಿ, ನನ್ನ ಕಿವಿ. ಸಾಕಲ್ಲ?"

ಆಗ ನನಗೆ ಅತ್ತಿಗುಪ್ಪೆಯಲ್ಲಿ ಒಂದು ಹೆಣ್ಣು ಗೊತ್ತಾಗಿತ್ತು. ಕೆಲಸ ಕಾಯಂ ಎಂದು ಹೆಣ್ಣಿನ ಮನೆಯವರಿಗೆ ಸುಳ್ಳು ಹೇಳಿದ್ದೆ. ಹುಡುಗಿಯ ಸೋದರಮಾವ ವಿಚಾರಿಸಲು ನೇರವಾಗಿ ಆಫೀಸಿಗೇ ಬಂದರು.

"ಹುಡುಗ ಚೊಲೋ ಟೈಪ್ ಮಾಡ್ತಾನ್ರಿ" ಎಂದರು ರುದ್ರಪ್ಪನವರು. "ಆದ್ರೆ ಕೆಲಸ ಟೆಂಪರರಿ."

"ಕಾಯಂ ಅಂತ ಹೇಳಿದ್ನಲ್ಲ ಸ್ವಾಮಿ!"

"ಅವ ಆಗಬೇಕಾದ್ದು ಹೇಳ್ಯಾನ. ನಾನು ಇರೋದು ಹೇಳಿದೆ."

ಸಂಬಂಧ ಮುರಿಯಿತು. "ಒಂದ್ ನಿಮಿಷ ಸುಮ್ನಿರಕ್ಕಾಗ್ಲಿಲ್ವಾ ಸಾರ್?" ಎಂದು ಕೇಳಿದೆ. "ಆ ಹುಡುಗಿ ನಾಳೆ ಬಂದು ನನ್ನ ಕೇಳಿದ್ರೆ ಏನು ಹೇಳಲಿ?" ಎಂದರು. ನಾನಿದ್ದ ಮಾರೇನಹಳ್ಳಿಯಲ್ಲಿ ಗೆಳೆಯರು ಕಂಡಾಗಲೆಲ್ಲ, "ಏನ್ ಗುರು, ಕಾಯಂ ಆದ್ಯಾ?" ಎಂದು ನಗುತ್ತಿದ್ದರು. ಆ ನಗುವನ್ನೆಲ್ಲ ನಾನು ರುದ್ರಪ್ಪನವರ ಲೆಕ್ಕಕ್ಕೇ ಹಾಕಿದೆ. ನಾಲ್ಕು ತಿಂಗಳು ಕಾದೆ. ದಿನವೂ ಅವರ ಎದುರು ಕೂತು, ಆ ಎತ್ತಿದ ಬೆರಳನ್ನು ನೋಡುತ್ತ ಕಾದೆ.

ಒಂದು ದಿನ ಒಂದು ಹಡಗಿನ ಅಡಮಾನ ಪತ್ರದ ಅವಸರದ ಕೆಲಸ ಬಂತು. ಅದೇ ಹಡಗಿನ ಮೇಲೆ ಇನ್ನೊಬ್ಬರೂ ಸಾಲ ಕೊಟ್ಟಿದ್ದರು. ಯಾರು ಮೊದಲು ದಾಖಲಿಸುತ್ತಾರೆಂಬ ಪೈಪೋಟಿ. ಹಡಗಿನ ನಂಬರು ಐದು, ಏಳು, ಒಂದು, ನಾಲ್ಕು. ನಾನು ಬೇಕೆಂದೇ ಐದು, ಒಂದು, ಏಳು, ನಾಲ್ಕು ಎಂದು ಟೈಪು ಮಾಡಿದೆ. ಓದುವಾಗ ಮಾತ್ರ ಸರಿಯಾದ ನಂಬರನ್ನೇ ಓದಿದೆ. ಬೆರಳು ಬೀಳಲಿಲ್ಲ.

"ಚೊಲೋ ಓದಿದಿ" ಎಂದು ಪುಟದ ಕೆಳಗೆ ಸಹಿ ಹಾಕಿದರು. ಅವರ ಸಹಿ ಇದ್ದರೆ ವಕೀಲರು ಮತ್ತೆ ನೋಡುತ್ತಿರಲಿಲ್ಲ. ಅವತ್ತು ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆ. ಅಷ್ಟು ರುಚಿಯಾದ ದೋಸೆಯನ್ನು ನಾನು ಮತ್ತೆಂದೂ ತಿಂದಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ನಂಬರು ಹೊಂದುವುದಿಲ್ಲವೆಂದು ನೋಂದಣಿ ಕಚೇರಿಯಿಂದ ಪತ್ರ ವಾಪಸು ಬಂತು. ಅಷ್ಟರಲ್ಲಿ ಎದುರಿನವರು ದಾಖಲಿಸಿಬಿಟ್ಟಿದ್ದರು. ವಕೀಲರು ಹಾಳೆಯನ್ನು ರುದ್ರಪ್ಪನವರ ಮುಖಕ್ಕೆ ಹಿಡಿದು, "ಓದ್ರೀ ಇದನ್ನ!" ಎಂದು ಕೂಗಿದರು. ಅವರು ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು. ಓದಲಾಗಲಿಲ್ಲ. ಮುಚ್ಚಿಟ್ಟದ್ದು ಎಲ್ಲರೆದುರು ಬಯಲಾಯಿತು.

"ಸಹಿ ನಂದೈತ್ರಿ. ತಪ್ಪೂ ನಂದೇ."

ನನ್ನ ಕಡೆ ತಿರುಗಲಿಲ್ಲ. ಕೊಡೆ, ಊಟದ ಡಬ್ಬಿ, ಆ ಪತ್ರದ ಕಾರ್ಬನ್ ಪ್ರತಿ ತೆಗೆದುಕೊಂಡು ಮೆಟ್ಟಿಲು ಇಳಿದರು. ಅವರ ಕೆಲಸ ನನಗೇ ಬಂತು, ಕಾಯಂ ಆಗಿ. ಅತ್ತಿಗುಪ್ಪೆಗೆ ಹೇಳಿ ಕಳಿಸಿದೆ. ಹುಡುಗಿಗೆ ಮದುವೆಯಾಗಿತ್ತು.

ಎರಡು ವರ್ಷದ ಮೇಲೆ ಬಾಪೂಜಿ ನಗರದ ಅವರ ಮನೆಗೆ ಹೋದೆ. ಆಪರೇಷನ್ ಆಗಿ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಮಗಳು ಕಾಲೇಜು ಬಿಟ್ಟು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವರು ಟ್ರಂಕಿನಿಂದ ಆ ಕಾರ್ಬನ್ ಪ್ರತಿ ತೆಗೆದು ನನ್ನ ಕೈಗಿಟ್ಟರು. ಬೆರಳೆತ್ತಿದರು.

"ಓದು."

ಹೆದರಿಕೆಗೆ ಮತ್ತೆ ಸರಿಯಾದ ನಂಬರೇ ಬಾಯಿಗೆ ಬಂತು. ಬೆರಳು ಟಪ್ಪೆಂದು ಬಿತ್ತು.

"ಇದ್ದದ್ದನ್ನ ಓದೋ."

"ಐದು... ಒಂದು... ಏಳು... ನಾಲ್ಕು."

ಬೆರಳು ಮೇಲೆಯೇ ಇತ್ತು. ಬಹಳ ಹೊತ್ತು ಇತ್ತು. ಆಮೇಲೆ ಹಾಳೆಯನ್ನು ಇಸಿದುಕೊಂಡು ಮಡಿಸಿದರು.

"ಈಗ ಸರಿ ಐತಿ. ಇನ್ನ ಈ ಮನೀಗೆ ಬರಬ್ಯಾಡ."

ಹೋಗಲಿಲ್ಲ. ಅವರು ತೀರಿಕೊಂಡ ದಿನವೂ ಅವರ ಬಡಾವಣೆಯ ಮುಂದಿನ ಮೈಸೂರು ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದೆ.