ತಳವಾರ ಮುದಿಯಪ್ಪ ಕೈ ಎತ್ತಿದ್ದು

ಕುಷ್ಟಗಿ ಕಡೆಯ ಆ ಸಣ್ಣ ಊರಿನಲ್ಲಿ ಗೌಡರು ಚಾವಡಿಯಲ್ಲಿ ಏನು ಕೇಳಿದರೂ ಜನರ ಪರವಾಗಿ "ಒಪ್ಪಿಗಿ ಐತ್ರಿ" ಎಂದು ಕೂಗುವವನು ತಳವಾರ ಮುದಿಯಪ್ಪ. ಅವನ ಅಪ್ಪನೂ ಹಾಗೆಯೇ ಕೂಗಿ ಸತ್ತಿದ್ದ. ಆ ಚಾಕರಿಗೆ ಎರಡು ಎಕರೆ ಹೊಲ. ಉಳಿಸುವುದೂ ಬಿಡಿಸುವುದೂ ಗೌಡರ ಕೈಯಲ್ಲಿತ್ತು.

ನಲವತ್ತೆರಡನೆಯ ಇಸವಿಯಲ್ಲಿ ಊರಿಗೊಂದು ಪಂಚಾಯತಿ ಆಗಬೇಕು, ಅದರಲ್ಲಿ ಒಬ್ಬನನ್ನಾದರೂ ಊರವರೇ ಕೈಯೆತ್ತಿ ಆರಿಸಬೇಕು ಎಂದು ಸರ್ಕಾರದ ಹುಕುಂ ಬಂತು. ಗೌಡರು ತಮ್ಮ ಅಳಿಯನನ್ನು ನಿಲ್ಲಿಸಿದರು. ಎದುರಿಗೆ ನಿಂತವನು ನೇಕಾರ ಈಶಪ್ಪ. ಮುದಿಯಪ್ಪನ ಕೇರಿಗೆ ಬಾವಿ ತೋಡಿಸುತ್ತೇನೆಂದು ಮಾತು ಕೊಟ್ಟಿದ್ದ.

ಆರಿಸುವ ದಿನ ಬೆಳಿಗ್ಗೆ ಮುದಿಯಪ್ಪ ರೊಟ್ಟಿ ಮುರಿಯುತ್ತ ಲೆಕ್ಕ ಹಾಕಿದ.

"ಈಶಪ್ಪಗ ಕೈ ಎತ್ತಿದ್ರ ಹೊಲ ಹೋಗತೈತಿ, ಪಾರಿ."

"ಎತ್ತದಿದ್ರ ನಾಳಿಂದ ನೀರು ನೀನ ತಾ, ಹರದಾರಿ ನಡದು," ಎಂದಳು ಹೆಂಡತಿ ಪಾರಮ್ಮ. "ಮೀಸಿ ತಿರುವಾಕಷ್ಟ ಏಳತೈತಿ ನಿನ್ನ ಕೈ."

ಚಾವಡಿ ತುಂಬಿತು. ಆಯ್ಕೆ ನಡೆಸಲು ತಾಲೂಕಿನಿಂದ ಬಂದಿದ್ದ ಕಂದಾಯದ ಗಿರ್ದಾವರ ಸಾಹೇಬರು ಗೌಡರ ಅಳಿಯನ ಹೆಸರು ಓದಿ, "ಇವರು ಆಗಬಹುದೇನ್ರಿ?" ಎಂದರು. ಮುದಿಯಪ್ಪ ಈಶಪ್ಪನ ಸರದಿಗಾಗಿ ಎದೆ ಗಟ್ಟಿ ಮಾಡಿಕೊಳ್ಳುತ್ತಿದ್ದ. ಆದರೆ ಕಿವಿಗೆ ಪ್ರಶ್ನೆ ಬಿದ್ದದ್ದೇ ತಡ, ಮೂವತ್ತು ವರ್ಷದ ರೂಢಿ ಬಾಯಿ ತೆರೆಸಿತು: "ಒಪ್ಪಿಗಿ ಐತ್ರೀ!"

"ಮುಗೀತಲ್ಲ," ಎಂದು ಗಿರ್ದಾವರರು ಲೇಖನಿ ಅದ್ದಿದರು. ಗೌಡರು ನಕ್ಕರು. ಹಿಂದಿನಿಂದ ಯಾರೋ, "ಈಶಪ್ಪಣ್ಣ, ತೋಡೂಕಿಂತ ಮುಂಚೆ ತಳವಾರ ನಿನ್ನ ಬಾವಿ ಮುಚ್ಚಿದ ನೋಡು" ಎಂದರು.

ಮುದಿಯಪ್ಪ ಆ ಲೇಖನಿಯನ್ನೇ ನೋಡಿದ. ಸುಮ್ಮನಿದ್ದರೆ ಹೊಲ ಉಳಿಯುತ್ತದೆ. ಪಾರಮ್ಮನಿಗೆ ಏನು ಹೇಳುವುದು?

"ಸಾಹೇಬ್ರ," ಎಂದ. "ಅದು ನನ್ನ ಚಾಕ್ರಿ ಮಾತು ರೀ, ಊರ ಮಾತಲ್ಲ. ಮಂದಿ ಕೈ ಎಣಸ್ರಿ."

"ಏ ಮುದ್ಯಾ!" ಎಂದರು ಗೌಡರು.

"ತಪ್ಪಾತ್ರಿ ಯಪ್ಪಾ. ಎಣಿಸಲಿ ಬಿಡ್ರಿ."

ಎಣಿಸಿದರು. ಅಳಿಯನಿಗೆ ಐವತ್ತೆರಡು, ಈಶಪ್ಪನಿಗೆ ಮೂವತ್ತೊಂಬತ್ತು. ಆ ಮೂವತ್ತೊಂಬತ್ತರಲ್ಲಿ ಕೊನೆಯ ಕೈ ಮುದಿಯಪ್ಪನದು. ಕಿವಿಯವರೆಗೆ ಮಾತ್ರ ಎದ್ದಿತ್ತು. "ಇದು ಎತ್ತಿದ ಕೈಯೋ, ತಲಿ ಕೆರಕೊಳ್ಳೋ ಕೈಯೋ?" ಎಂದು ಕೇಳಿ ಗಿರ್ದಾವರರು ಬರೆದುಕೊಂಡರು.

ಗೌಡರು ಅಂದು ಏನೂ ಅನ್ನಲಿಲ್ಲ. ಮರುದಿನವೂ ಕರೆಯಲಿಲ್ಲ. ಬೈದಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ಬಿತ್ತನೆಗೆ ಹದ ಬಂದ ದಿನ ಮುದಿಯಪ್ಪ ಕೂರಿಗೆ ಹೂಡಿಕೊಂಡು, ಯಾರಾದರೂ ತಡೆಯಲು ಬರುತ್ತಾರೇನೋ ಎಂದು ಊರ ದಾರಿಯನ್ನೇ ನೋಡುತ್ತ ನಿಂತಿದ್ದ.

"ಬರಾವ್ರು ಬರ್ತಾರ," ಎಂದು ಪಾರಮ್ಮ ಉಡಿಯಲ್ಲಿ ಬೀಜ ತುಂಬಿಕೊಂಡು ಹಿಂದೆ ಬಂದು ನಿಂತಳು. "ಎತ್ತು ಹೊಡಿ."